ರೇಟು ನೋಡಿದ್ದು ಸಾಕು, ಬೇಸಿಕ್ ನೋಡಿ

ದುಬೈಯಲ್ಲಿ ಹೊರಗೆ ನಡೆದಾಡಲು ಹಿತವಾದ ಕಾಲವೆಂದರೆ ನವೆಂಬರ್‌ನಿಂದ ಮಾರ್ಚ್. ಬೇಸಿಗೆಯಲ್ಲಿ ಕತ್ತಲಾದ ಮೇಲೂ ಕಾಲುದಾರಿಯ ಬಿಸಿ ಚಪ್ಪಲಿ ದಾಟಿ ಅಂಗಾಲಿಗೆ ತಟ್ಟುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಕೂಡದೆಂದು ಕಾನೂನೇ ಇದೆ. ಆಗೆಲ್ಲ ನಮ್ಮ ನಡಿಗೆ ಮಾಲ್‌ಗಳ ಒಳಗೆ. ಅಲ್ಲಿ ನಡೆದಷ್ಟೂ ಜೇಬು ಹಗುರ. ಚಳಿಗಾಲ ಬಂತೆಂದರೆ ನಾನು ದೇರಾದ ಕ್ರೀಕ್ ದಂಡೆಗೆ ಇಳಿಯುತ್ತೇನೆ. ಖರ್ಚಿಲ್ಲದ ಸುಖ ಅದು. ಅಬ್ರಾ ದೋಣಿ ಹತ್ತಿ ಆಚೆ ದಡದ ಬರ್ ದುಬೈಗೆ ಹೋದರೂ ಒಂದೇ ದಿರ್ಹಂ.

ಈ ದಾರಿಯಲ್ಲಿ ಎಕ್ಸ್‌ಚೇಂಜ್ ಅಂಗಡಿಗಳು ಸಾಲುಸಾಲಾಗಿವೆ. ಸಂಬಳದ ವಾರ ಅಲ್ಲಿನ ಸರತಿ ಬಾಗಿಲು ದಾಟಿ ಬೀದಿಗೆ ಬರುತ್ತದೆ. ನೀಲಿ ಸಮವಸ್ತ್ರದ ತೋಳಿನ ಮೇಲೆ ಸಿಮೆಂಟಿನ ಧೂಳು, ಪ್ಲಾಸ್ಟಿಕ್ ಕವರಿನಲ್ಲಿ ಐಡಿ ಕಾರ್ಡಿನ ಜೊತೆ ಮಡಚಿಟ್ಟ ನೋಟು, ಕಣ್ಣೆಲ್ಲ ಗೋಡೆಯ ರೇಟಿನ ಫಲಕದ ಮೇಲೆ. "ಇವತ್ತು ಬೇಡ, ನಾಳೆ ಹತ್ತು ಪೈಸೆ ಏರಬಹುದು" ಎಂದು ಕೆಲವರು ಹಾಗೆಯೇ ಹಿಂದಿರುಗುತ್ತಾರೆ.

ಹತ್ತು ಪೈಸೆ ಎಂದರೆ ಸಾವಿರ ದಿರ್ಹಂಗೆ ನೂರು ರೂಪಾಯಿ. ಊರಲ್ಲಿ ಅಮ್ಮನ ಮಾತ್ರೆಗೆ ಆಗುವ ದುಡ್ಡು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ದಿರ್ಹಂ 1997ರಿಂದ ಒಂದು ಡಾಲರಿಗೆ 3.6725ರಂತೆ ಕಟ್ಟಿಹಾಕಿಕೊಂಡಿದೆ. ಏರಿಳಿಯುವುದು ನಮ್ಮ ರೂಪಾಯಿ. ಅದು ನಾಳೆ ಎತ್ತ ಹೊರಳುತ್ತದೆಂದು ಸರತಿಯಲ್ಲಿ ನಿಂತ ನಮಗೆ ತಿಳಿಯುವ ಬಗೆಯಿಲ್ಲ.

ಒಮ್ಮೆ ಅಬ್ರಾದಲ್ಲಿ ಪಕ್ಕ ಕೂತ ಕುಂದಾಪುರದ ಹುಡುಗನೊಬ್ಬ ಮಾತಿಗೆ ಸಿಕ್ಕ. ಹೋಟೆಲ್ ಕೆಲಸ. ಅಂದಿನ ರೇಟು ಬಾಯಿಪಾಠ. ಕೈಗೆ ಬರುವ ಸಂಬಳವನ್ನೂ ಥಟ್ಟನೆ ಹೇಳಿದ. ಅದರಲ್ಲಿ ಬೇಸಿಕ್, ಅಂದರೆ ಮೂಲ ವೇತನ, ಎಷ್ಟಪ್ಪಾ ಎಂದೆ. "ಅದೆಲ್ಲ ಕಂಪನಿಯವ್ರು ನೋಡ್ಕೊಳ್ತಾರಲ್ಲ ಅಣ್ಣ" ಎಂದ. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ ನನ್ನ ಗೆಳೆಯರಲ್ಲೂ ಎಷ್ಟೋ ಜನ ಇದೇ ಉತ್ತರ ಕೊಟ್ಟಿದ್ದಾರೆ.

ನಮ್ಮಂಥ ಹೊರನಾಡಿನವರಿಗೆ ಇಲ್ಲಿ ಸರ್ಕಾರದ ಪಿಂಚಣಿ ಇಲ್ಲ. ಸಂಬಳಕ್ಕೆ ಆದಾಯ ತೆರಿಗೆ ಇಲ್ಲವೆಂಬ ಸಂತೋಷದಲ್ಲಿ ಇದನ್ನು ಮರೆಯುತ್ತೇವೆ. ಕೆಲಸ ಬಿಡುವಾಗ ಕೈಗೆ ಬರುವ ದೊಡ್ಡ ಮೊತ್ತ ಗ್ರಾಚ್ಯುಟಿಯೊಂದೇ. ಒಂದು ವರ್ಷ ತುಂಬಿರಬೇಕು. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ವರ್ಷಗಳಿಗೆ 30 ದಿನದ್ದು. ಈ ಲೆಕ್ಕ ನಡೆಯುವುದು ಕೊನೆಯ ಬೇಸಿಕ್ ಮೇಲೆ ಮಾತ್ರ. ಬಾಡಿಗೆ, ಓಡಾಟದ ಭತ್ಯೆ ಯಾವುದೂ ಸೇರುವುದಿಲ್ಲ.

ಇಬ್ಬರಿಗೂ ತಿಂಗಳಿಗೆ 5,000 ದಿರ್ಹಂ ಬರುತ್ತದೆ ಎನ್ನಿ. ಒಬ್ಬನ ಬೇಸಿಕ್ 2,000, ಇನ್ನೊಬ್ಬನದು 3,000. ಐದು ವರ್ಷ ದುಡಿದು ಹೊರಟಾಗ ಮೊದಲಿನವನಿಗೆ 7,000, ಎರಡನೆಯವನಿಗೆ 10,500. ವ್ಯತ್ಯಾಸ 3,500 ದಿರ್ಹಂ. ತಿಂಗಳಿಗೆ ಸಾವಿರ ದಿರ್ಹಂ ಕಳಿಸುವವನು ಐದು ವರ್ಷವೂ ತಪ್ಪದೆ ಹತ್ತು ಪೈಸೆ ಹೆಚ್ಚು ಗಿಟ್ಟಿಸಿದರೂ ಉಳಿಯುವುದು 6,000 ರೂಪಾಯಿ. ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು, ನೀವೇ ಹೇಳಿ.

ಸಂಬಳ ಮಾತಾಡುವ ದಿನವೇ ಬೇಸಿಕ್ ಕೇಳಬೇಕು. ಆಗ ಬಾಯಿ ಬಿಡದಿದ್ದರೆ ಆಮೇಲೆ ಏರಿಸಿಕೊಳ್ಳುವುದು ಬಹಳ ಕಷ್ಟ. ಹಿಂದೆ ತಾನಾಗಿ ರಾಜೀನಾಮೆ ಕೊಟ್ಟವರ ಗ್ರಾಚ್ಯುಟಿ ಕಡಿತವಾಗುತ್ತಿತ್ತು. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾನೂನು ಅದನ್ನು ತೆಗೆದುಹಾಕಿತು. ಬಾಕಿಯನ್ನು 14 ದಿನಗಳೊಳಗೆ ಕೊಡಬೇಕೆಂದೂ ಅದರಲ್ಲಿದೆ. ಇದು ಗೊತ್ತಿಲ್ಲದೆ ಕೊಟ್ಟಷ್ಟು ತೆಗೆದುಕೊಂಡು ವಿಮಾನ ಹತ್ತಿದವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ಮನೆಗೆ ಕಳಿಸುವ ಹಣದ ವಿಷಯದಲ್ಲೂ ಒಂದು ಮಾತು. ಪೂರ್ತಿ ಅಪ್ಪನ ಖಾತೆಗೆ ಹಾಕಬೇಡಿ. ನಿಮ್ಮ ಹೆಸರಿನ ಎನ್‌ಆರ್‌ಇ (ಅನಿವಾಸಿ) ಖಾತೆಗೆ ಒಂದು ಪಾಲು ಮೊದಲು ಹೋಗಲಿ. ನೀವು ಅನಿವಾಸಿಯಾಗಿರುವಷ್ಟು ಕಾಲ ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ.

ಇಂದು ರಾತ್ರಿ ನಿಮ್ಮ ಕೆಲಸದ ಒಪ್ಪಂದ ತೆಗೆದು ಬೇಸಿಕ್ ಎಂದಿರುವ ಸಾಲನ್ನು ಓದಿ. ಪಕ್ಕದ ಹಾಸಿಗೆಯ ಗೆಳೆಯನಿಗೂ ಓದಿಸಿ.