ಸಾಕು ಇಲಿಗಳು ಮತ್ತು ಮಕ್ಕಳ ಹೊಟ್ಟೆಹುಳು

ಹೊಸಪೇಟೆ, ಸಂಡೂರಿನಂತಹ ಊರುಗಳಲ್ಲೂ ಈಗ ಮಕ್ಕಳ ಆಸೆಗಾಗಿ ಬಿಳಿ ಇಲಿ, ಹ್ಯಾಮ್‌ಸ್ಟರ್‌ಗಳನ್ನು ಪಂಜರದಲ್ಲಿ ಸಾಕುವವರಿದ್ದಾರೆ. ಕಂಪ್ಲಿಯ ಭತ್ತದ ಗದ್ದೆಗಳ ಬಳಿಯ ಮನೆಗಳಿಗಾದರೋ ಇಲಿ ಕರೆಯದೆ ಬರುವ ಅತಿಥಿ. ಸಾಕಿದ ಇಲಿಯಾಗಲಿ, ಹೊಲದ ಇಲಿಯಾಗಲಿ, ಅದರ ಕರುಳಿನ ಕೆಲವು ಕ್ರಿಮಿಗಳು ಮನುಷ್ಯರಿಗೂ ತಗುಲಬಲ್ಲವು.

ಇವುಗಳಲ್ಲಿ ಮುಖ್ಯವಾದುದು ಗಿಡ್ಡ ಲಾಡಿಹುಳು. ಇದರ ಉದ್ದ ಸುಮಾರು ೪ ಸೆಂಟಿಮೀಟರ್ ಮೀರದು. ಹಿಕ್ಕೆಯಲ್ಲಿರುವ ಇದರ ಮೊಟ್ಟೆಗಳು ಕಣ್ಣಿಗೆ ಕಾಣುವುದಿಲ್ಲ. ಪಂಜರ ಮುಟ್ಟಿದ ಕೈಯಿಂದ ಬಾಯಿಗೆ ಸೇರುತ್ತವೆ. ಒಮ್ಮೆ ಒಳಹೊಕ್ಕರೆ ಕರುಳಿನಲ್ಲಿಯೇ ಮೊಟ್ಟೆಯೊಡೆದು ಸಂತತಿ ಬೆಳೆಸುವುದು ಈ ಹುಳುವಿನ ವೈಶಿಷ್ಟ್ಯ. ಒಂದು ಮಗುವಿನಿಂದ ಮತ್ತೊಂದು ಮಗುವಿಗೂ ಹರಡುತ್ತದೆ. ಮನುಷ್ಯರಲ್ಲಿ ಹೆಚ್ಚಾಗಿ ಹರಡುವುದು ಹೀಗೆಯೇ. ಇನ್ನೊಂದು, ಇಲಿಯ ಲಾಡಿಹುಳು. ಇಲಿಯ ಹಿಕ್ಕೆ ತಿಂದ ಧಾನ್ಯದ ಹುಳುಗಳು ಹಿಟ್ಟಿನೊಡನೆ ಹೊಟ್ಟೆಗೆ ಹೋದಾಗ ಇದು ಬರುತ್ತದೆ.

ಹಲವರಲ್ಲಿ ಲಕ್ಷಣಗಳೇ ತೋರವು. ಹುಳುಗಳು ಹೆಚ್ಚಾದಾಗ ಹೊಟ್ಟೆನೋವು, ಭೇದಿ, ಹಸಿವಿಲ್ಲದಿರುವುದು, ಗುದದಲ್ಲಿ ತುರಿಕೆ, ಸಿಡುಕುತನ ಕಾಣುತ್ತವೆ. ಮಲಪರೀಕ್ಷೆಯಿಂದ ರೋಗ ತಿಳಿಯುತ್ತದೆ. ಕೆಲವೊಮ್ಮೆ ಬೇರೆ ಬೇರೆ ದಿನ ಮಾಡಿಸಬೇಕಾಗುತ್ತದೆ.

ಫೆಬ್ರವರಿ ೧೦ ಮತ್ತು ಆಗಸ್ಟ್ ೧೦ರ ಜಂತುಹುಳು ನಿವಾರಣಾ ದಿನಗಳಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ತಪ್ಪದೆ ಕೊಡಿಸಿರಿ. ಆದರೆ ಅದು ದುಂಡುಹುಳು, ಕೊಕ್ಕೆಹುಳು ಮುಂತಾದವುಗಳನ್ನು ಉದ್ದೇಶಿಸಿದ್ದು. ಗಿಡ್ಡ ಲಾಡಿಹುಳುವಿಗೆ ಆ ಒಂದು ಮಾತ್ರೆ ಸಾಲದು. ಪ್ರಾಜಿಕ್ವಾಂಟೆಲ್ ಎಂಬ ಬೇರೆ ಔಷಧವುಂಟು. ಅದನ್ನು ವೈದ್ಯರೇ ಮಗುವಿನ ತೂಕ ನೋಡಿ ನಿರ್ಧರಿಸಬೇಕು. "ಮಾತ್ರೆ ಕೊಟ್ಟಾಯಿತು" ಎಂದು ನಿಶ್ಚಿಂತರಾಗುವಂತಿಲ್ಲ.

ಚರಕ ಸಂಹಿತೆಯ ವಿಮಾನಸ್ಥಾನವು ಕ್ರಿಮಿಚಿಕಿತ್ಸೆಗೆ ಮೂರು ಹಂತಗಳನ್ನು ವಿಧಿಸುತ್ತದೆ: ಕ್ರಿಮಿಯನ್ನು ಹೊರತೆಗೆಯುವುದು, ಅದು ಬೆಳೆಯುವ ನೆಲೆಯನ್ನು ಕೆಡಿಸುವುದು, ಕಾರಣವನ್ನು ತ್ಯಜಿಸುವುದು. ವಾಯುವಿಳಂಗಕ್ಕೆ ಕ್ರಿಮಿಹರಗಳಲ್ಲಿ ಅಗ್ರಸ್ಥಾನವಿದ್ದರೂ, ಮೂರನೆಯ ಹಂತ ತಪ್ಪಿದರೆ ಯಾವ ಔಷಧವೂ ನಿಲ್ಲದು. ಆದುದರಿಂದ:

• ಪಂಜರವನ್ನು ಹಿರಿಯರೇ ಕೈಗವಸು ಧರಿಸಿ, ಅಡುಗೆಮನೆಯಿಂದ ದೂರದಲ್ಲಿ ಶುಚಿಗೊಳಿಸಲಿ.
• ಪ್ರಾಣಿಯನ್ನು ಮುಟ್ಟಿದ ಮೇಲೆ, ಲಿಂಗಪೂಜೆ ಹಾಗೂ ಪ್ರಸಾದ ಸ್ವೀಕಾರಕ್ಕೆ ಮೊದಲು, ಸೋಪಿನಿಂದ ಕೈ ತೊಳೆಯಿರಿ. ಮಕ್ಕಳ ಉಗುರು ಕತ್ತರಿಸಿರಿ.
• ಐದು ವರ್ಷದೊಳಗಿನ ಮಕ್ಕಳ ಕೈಗೆ ಇಲಿಯನ್ನು ಕೊಡದಿರಿ.
• ಮನೆಯಲ್ಲಾಗಲಿ ದಾಸೋಹದ ಉಗ್ರಾಣದಲ್ಲಾಗಲಿ ಧಾನ್ಯವನ್ನು ಮುಚ್ಚಳವಿರುವ ಡಬ್ಬಿಗಳಲ್ಲಿಡಿ; ಹುಳು ಬಿದ್ದ ಹಿಟ್ಟನ್ನು ಬಳಸದಿರಿ.
• ಸಾಕುಪ್ರಾಣಿಯ ಹಿಕ್ಕೆಯನ್ನು ಪಶುವೈದ್ಯರಲ್ಲಿ ಪರೀಕ್ಷಿಸಿರಿ.
• ಒಬ್ಬರಲ್ಲಿ ಹುಳು ಕಂಡರೆ ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿರಿ.

ಮೂಕಪ್ರಾಣಿಯದು ತಪ್ಪಲ್ಲ; ಅದನ್ನು ಬೀದಿಗೆ ಬಿಡುವುದು ದಯೆಯೂ ಅಲ್ಲ, ಪರಿಹಾರವೂ ಅಲ್ಲ. ಸಾಕುವ ಮನೆಯಲ್ಲಿ ಶುಚಿತ್ವ ನಿತ್ಯದ ಆಚಾರವಾದರೆ ಮಗುವೂ ಕ್ಷೇಮ, ಪ್ರಾಣಿಯೂ ಕ್ಷೇಮ.