ತಲೆ ಹೋದ ಕೋಳಿ ಯಾಕೆ ಕಾಲು ಬಡಿಯುತ್ತೆ?



ಮನೆಯಲ್ಲಿ ಕೋಳಿ ಕೊಯ್ದಾಗ ನೀವೂ ನೋಡಿರಬಹುದು. ತಲೆ ಬೇರೆಯಾದ ಮೇಲೂ ಸ್ವಲ್ಪ ಹೊತ್ತು ರೆಕ್ಕೆ ಬಡಿಯುತ್ತೆ, ಕಾಲು ಒದೆಯುತ್ತೆ. "ಜೀವ ಇನ್ನೂ ಹೋಗಿಲ್ಲ" ಅಂತಾರೆ ದೊಡ್ಡವರು. ಆದರೆ ಮೆದುಳೇ ಇಲ್ಲದ ಮೇಲೆ ಕಾಲಿಗೆ ಹೇಳುವವರು ಯಾರು?

ಉತ್ತರ: ಮೆದುಳುಬಳ್ಳಿ. ಅಂದರೆ ಬೆನ್ನುಮೂಳೆಯ ಒಳಗಿರುವ ನರಗಳ ಹುರಿ.

1911ರಲ್ಲಿ ಬ್ರಿಟನ್ನಿನ ವಿಜ್ಞಾನಿ ಥಾಮಸ್ ಗ್ರಹಾಂ ಬ್ರೌನ್ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿದರು. ಮೆದುಳಿನ ಸಂಪರ್ಕ ಕಡಿದರೂ, ಕಾಲಿನಿಂದ ಸುದ್ದಿ ತರುವ ನರಗಳನ್ನು ಕಡಿದರೂ, ಹಿಂಗಾಲಿನ ಸ್ನಾಯುಗಳು ನಡಿಗೆಯ ತಾಳದಲ್ಲೇ ಬಿಗಿಯುತ್ತ ಸಡಿಲವಾಗುತ್ತ ಇದ್ದವು.

ಈ ತಾಳ ಹೇಗೆ ಹುಟ್ಟುತ್ತದೆ? ಒಂದೇ ಒರಳಿನಲ್ಲಿ ಇಬ್ಬರು ಭತ್ತ ಕುಟ್ಟುವುದನ್ನು ನೆನಪಿಸಿಕೊಳ್ಳಿ. ಒಬ್ಬರ ಒನಕೆ ಇಳಿಯುವಾಗ ಇನ್ನೊಬ್ಬರದು ಮೇಲಿರಬೇಕು. ಮೆದುಳುಬಳ್ಳಿಯಲ್ಲೂ ಹಾಗೆಯೇ. ಕಾಲು ಮಡಿಸುವ ನರಕೋಶಗಳು ಕೆಲಸ ಮಾಡುವಾಗ, ಕಾಲು ಚಾಚುವ ನರಕೋಶಗಳನ್ನು "ಸುಮ್ಮನಿರು" ಎಂದು ತಡೆಯುತ್ತವೆ. ಆಮೇಲೆ ಅವುಗಳ ಸರದಿ. ಎಡಬಲಗಳ ನಡುವೆ ದಾಟುವ ನರಕೋಶಗಳೂ ಇವೆ. ಅದಕ್ಕೇ ಎಡಗಾಲು ಮುಂದೆ ಹೋಗುವಾಗ ಬಲಗಾಲು ಊರಿ ನಿಂತು ಮೈಭಾರ ಹೊರುತ್ತದೆ.

ಹಾಗಾದರೆ ಮೆದುಳಿಗೆ ಕೆಲಸವಿಲ್ಲವೇ? ಇದೆ. ಹೊರಡು, ನಿಲ್ಲು, ಓಡು ಎನ್ನುವುದು ಮೆದುಳೇ. ಅದರ ಹಿಂಭಾಗದ ಅನುಮಸ್ತಿಷ್ಕ ತಪ್ಪುಹೆಜ್ಜೆ ತಿದ್ದಿ ಸಮತೋಲನ ಕಾಯುತ್ತದೆ. ಅಂಗಾಲು, ಕೀಲು, ಸ್ನಾಯುಗಳು ಕ್ಷಣಕ್ಷಣವೂ ಸುದ್ದಿ ಕಳಿಸುತ್ತವೆ. ಕತ್ತಲಲ್ಲೂ ಗದ್ದೆಯ ಬದುವಿನ ಮೇಲೆ ನಡೆಯಲು ಆಗುವುದು ಇದರಿಂದಲೇ.

ಮಾಡಿ ನೋಡಿ: ಎಡಗಾಲಿನ ಜೊತೆ ಎಡಗೈ, ಬಲಗಾಲಿನ ಜೊತೆ ಬಲಗೈ ಬೀಸುತ್ತ ಹತ್ತು ಹೆಜ್ಜೆ ನಡೆಯಿರಿ. ಏನೋ ಎಡವಟ್ಟು ಅನಿಸುತ್ತೆ! ಗಮನ ತಪ್ಪಿದ ಕೂಡಲೇ ಕೈಗಳು ತಾವಾಗಿಯೇ ಹಳೇ ಜೋಡಿಗೆ ಬರುತ್ತವೆ.

ನೆನಪಿಡಿ: ಮನುಷ್ಯನಿಗೆ ಮೆದುಳಿನ ಆಜ್ಞೆ ಬಳ್ಳಿಯಲ್ಲಿ ಇಳಿದು ಬರದಿದ್ದರೆ ನಡೆಯಲಾಗದು. ತೆಂಗಿನ ಮರದಿಂದಲೋ ಅಡಿಕೆ ಮರದಿಂದಲೋ ಯಾರಾದರೂ ಬಿದ್ದರೆ ನಾವು ಗಾಬರಿಯಲ್ಲಿ ಕೈಕಾಲು ಹಿಡಿದು ಎತ್ತುತ್ತೇವೆ, ಕೂರಿಸಿ ನೀರು ಕುಡಿಸುತ್ತೇವೆ. ಮುರಿದ ಬೆನ್ನುಮೂಳೆ ಬಗ್ಗಿದರೆ ಒಳಗಿನ ಬಳ್ಳಿಗೆ ಪೆಟ್ಟಾಗಿ ಜೀವನಪೂರ್ತಿ ಕಾಲಿನ ಬಲ ಹೋಗಬಹುದು. ಬಿದ್ದವರನ್ನು ಅಲುಗಿಸಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿಸಿ. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆ, ಕತ್ತು, ಬೆನ್ನು ಒಂದೇ ನೇರಕ್ಕಿರುವಂತೆ ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು.

ಇದನ್ನು ಓದಿದವರು ಮನೆಯಲ್ಲೂ ಹೇಳಿ.

– 9ನೇ ತರಗತಿ ವಿದ್ಯಾರ್ಥಿನಿ