ಮೊಲದ ಹಾವಳಿಯನ್ನು ತಡೆಯುವ ಬಲೆಬೇಲಿ: ಅದಕ್ಕೆ ತಕ್ಕ ನಾರನ್ನು ಆರಿಸುವ ಕ್ರಮ

ಅವರೆ, ಅಲಸಂದೆ, ಹೆಸರು, ಕಡಲೆ, ನೆಲಗಡಲೆ ಮುಂತಾದ ಪೈರುಗಳು ಮೊಳೆತು ಎರಡು ನಾಲ್ಕು ಎಲೆ ಬಿಡುವ ಕಾಲದಲ್ಲಿ ಕಾಡಂಚಿನ ಮತ್ತು ಕುರುಚಲು ಗುಡ್ಡದ ಬದಿಯ ಹೊಲಗಳಿಗೆ ಮೊಲಗಳಿಂದ ನಷ್ಟವುಂಟಾಗುವುದು ರೈತರೆಲ್ಲರಿಗೂ ತಿಳಿದ ವಿಷಯ. ಈ ನಷ್ಟವನ್ನು ಅನೇಕರು ಇಲಿಗಳದೆಂದು ಎಣಿಸಿ ವ್ಯರ್ಥವಾಗಿ ಪಾಷಾಣವನ್ನು ಇಡುತ್ತಾರೆ. ಮೊಲ ಕಡಿದ ಸಸಿಯ ಕಾಂಡವು ಚಾಕುವಿನಿಂದ ಓರೆಯಾಗಿ ಕೊಯ್ದಂತೆ ನುಣುಪಾಗಿರುತ್ತದೆ. ಜಿಂಕೆ ಅಥವಾ ಆಡು ತಿಂದ ತುದಿಯು ಹರಿದಂತೆ ಇರುತ್ತದೆ. ಹತ್ತಿರದಲ್ಲಿ ಗುಂಡಗಿನ ಒಣ ಹಿಕ್ಕೆಗಳು ಬಿದ್ದಿದ್ದರೆ ಸಂದೇಹಕ್ಕೆ ಎಡೆಯಿಲ್ಲ. ನಮ್ಮ ದೇಶದ ಮೊಲವು ಸೀಮೆಮೊಲದಂತೆ ಬಿಲ ತೋಡತಕ್ಕದ್ದಲ್ಲ. ಹಗಲೆಲ್ಲಾ ಹುಲ್ಲಿನ ಮರೆಯಲ್ಲಿ ಅಡಗಿದ್ದು ಇರುಳಿನಲ್ಲಿ ಮೇಯಲು ಹೊರಡುತ್ತದೆ. ಆದುದರಿಂದ ಬೇಲಿಯ ಬುಡವನ್ನು ಆಳವಾಗಿ ಹೂಳುವ ಅವಶ್ಯಕತೆಯಿಲ್ಲ; ಬುಡದಲ್ಲಿ ನುಸುಳದಂತೆ ನೋಡಿಕೊಂಡರೆ ಸಾಕು.

ಹಿಂದೆ ಹಳ್ಳಿಗಳಲ್ಲಿ ಸೆಣಬಿನ ಹುರಿಯಿಂದ ಬಲೆಗಳನ್ನು ಹೆಣೆದು, ಪೊದೆಗಳ ನಡುವೆ ಒಡ್ಡಿ, ಮೊಲಗಳನ್ನು ಎಬ್ಬಿ ಹಿಡಿಯುವ ರೂಢಿಯಿತ್ತು. 1972 ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಮೇರೆಗೆ ಕಾಡುಮೊಲವನ್ನು ಹಿಡಿಯುವುದೂ ಕೊಲ್ಲುವುದೂ, ಹಾಗೆ ಮಾಡಲು ಯತ್ನಿಸುವುದೂ ಅಪರಾಧವಾಗಿರುತ್ತದೆ. ಸ್ವಂತ ಜಮೀನಿನಲ್ಲಿ, ಪೈರನ್ನು ಉಳಿಸುವುದಕ್ಕಾಗಿ ಬಲೆ ಒಡ್ಡಿದೆನೆಂಬ ಮಾತ್ರಕ್ಕೆ ಅದು ಬೇಟೆಯಲ್ಲವೆಂದು ಯಾರೂ ಭಾವಿಸಬಾರದು. ಗ್ರಾಮದ ಮುಖಂಡರು ಈ ಸಂಗತಿಯನ್ನು ಎಲ್ಲರಿಗೂ ತಿಳಿಯಪಡಿಸತಕ್ಕದ್ದು. ಆದರೆ ಬಲೆಯ ಕಸುಬು ಮಾತ್ರ ನಿರುಪಯೋಗವಾಗಿಲ್ಲ. ಸಡಿಲವಾಗಿ ಜೋತುಬಿಟ್ಟ ಬಲೆಯು ಪ್ರಾಣಿಯನ್ನು ಸುತ್ತಿಕೊಂಡು ಹಿಡಿಯುತ್ತದೆ. ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಅದೇ ತಡೆಗೋಡೆಯಾಗುತ್ತದೆ. ಇಲ್ಲಿ ಹೇಳಿರುವುದು ಈ ಎರಡನೆಯ ಉಪಯೋಗಕ್ಕೆ ಮಾತ್ರ.

ನಾರುಗಳಲ್ಲಿ ಸೆಣಬೇ ಮೇಲು. ಹಸಿರುಗೊಬ್ಬರಕ್ಕೆಂದು ಬಿತ್ತುವ ಸೆಣಬೇ ಇದಾದರೂ, ನಾರಿಗಾಗಿ ಬೆಳೆಯುವಾಗ ಬೀಜವನ್ನು ಒತ್ತಾಗಿ ಬಿತ್ತಬೇಕು. ಹಾಗಲ್ಲದಿದ್ದರೆ ಗಿಡವು ಕವಲೊಡೆದು ನಾರು ತುಂಡುತುಂಡಾಗುವುದು. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕೊಯ್ದು, ಕಟ್ಟು ಕಟ್ಟಿ ನೀರಿನಲ್ಲಿ ಕೊಳೆಯಿಡಬೇಕು. ನೀರಿನ ಬಿಸುಪನ್ನು ಅನುಸರಿಸಿ 4 ರಿಂದ 7 ದಿನ ಬೇಕಾಗಬಹುದು. ದಿನದ ಲೆಕ್ಕವನ್ನೇ ನಂಬದೆ, ಮೂರನೆಯ ದಿನದಿಂದ ಪ್ರತಿ ಬೆಳಿಗ್ಗೆ ಒಂದು ಕಡ್ಡಿಯನ್ನು ತೆಗೆದು ಬುಡದಿಂದ ಸಿಪ್ಪೆಯನ್ನು ಎಳೆದು ನೋಡತಕ್ಕದ್ದು. ಅದು ತುದಿಯವರೆಗೂ ತಡೆಯಿಲ್ಲದೆ ಬಿಟ್ಟುಬಂದರೆ ಹದವಾಯಿತೆಂದು ತಿಳಿಯಬೇಕು. ಒಂದೆರಡು ದಿನ ಹೆಚ್ಚಾದರೆ ನಾರು ನೋಡುವುದಕ್ಕೆ ಬೆಳ್ಳಗಿದ್ದರೂ ಸತ್ವಹೀನವಾಗುತ್ತದೆ. ಸಂತೆಯಲ್ಲಿ ಬಿಳುಪನ್ನು ಕಂಡು ಮೋಸಹೋಗುವವರೇ ಬಹಳ. ಕೊಳೆಯಿಟ್ಟ ನೀರು ಕೆಟ್ಟು ಮೀನು ಸಾಯುವುದರಿಂದ, ಜನರೂ ದನಗಳೂ ಕುಡಿಯುವ ಕೆರೆಯನ್ನು ಬಿಟ್ಟು ಬೇರೊಂದು ಗುಂಡಿಯನ್ನು ಗೊತ್ತುಮಾಡುವುದು ಮುಖಂಡರ ಕೆಲಸ.

ಪುಂಡಿಯ ನಾರು ಸುಲಭವಾಗಿ ದೊರೆಯುತ್ತದೆಯಾದರೂ ಒರಟು. ದನದ ಹಗ್ಗಕ್ಕೆ ಸರಿ, ಸಣ್ಣ ಹುರಿಗೆ ಅಷ್ಟಾಗಿ ಒದಗದು. ಗೋಣಿಚೀಲವನ್ನು ಬಿಚ್ಚಿ ತೆಗೆದ ದಾರವು ತೇವದಲ್ಲಿ ಬೇಗ ಕೊಳೆಯುವುದರಿಂದ ಅದನ್ನು ಬಳಸಲೇಬಾರದು. ಕತ್ತಾಳೆಯ ನಾರು ಗಟ್ಟಿಯಾದರೂ ಬಿರುಸಾದುದರಿಂದ ಸಣ್ಣ ಗಂಟುಗಳು ಬಿಗಿಯಾಗಿ ಕೂರುವುದಿಲ್ಲ. ಬಲೆಯ ಮೇಲಂಚಿನ ಹಗ್ಗಕ್ಕೆ ಅದು ಒಳ್ಳೆಯದು. ನೆಲವನ್ನು ಮುಟ್ಟುವ ಕೆಳಗಿನ ಹಗ್ಗಕ್ಕೆ ತೆಂಗಿನ ನಾರೇ ಸರಿ, ತೇವವನ್ನು ಅದು ತಡೆಯುವಷ್ಟು ಬೇರಾವುದೂ ತಡೆಯದು. ಹತ್ತಿಯ ದಾರ ಹೆಣೆಯುವುದಕ್ಕೆ ಮೃದು, ಗಂಟು ಜಾರುವುದಿಲ್ಲ. ಆದರೆ ಒಂದೆರಡು ಮಳೆಗೆ ಕೊಳೆಯತೊಡಗುವುದು. ತಂಗಡಿ ಅಥವಾ ಕರಿಜಾಲಿಯ ತೊಗಟೆಯನ್ನು ಕುಟ್ಟಿ, ನೀರು ಕೆಂಪೇರುವವರೆಗೆ ಕುದಿಸಿ, ಆ ಕಷಾಯದಲ್ಲಿ ಬಲೆಯನ್ನು ಒಂದು ರಾತ್ರಿ ನೆನೆಯಿಟ್ಟು ನೆರಳಿನಲ್ಲಿ ಒಣಗಿಸಿದರೆ ಬಾಳಿಕೆ ಹೆಚ್ಚುವುದು.

1938 ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ನೈಲಾನ್ ಈಗ ಪ್ರತಿ ಸಂತೆಯಲ್ಲಿಯೂ ಅಗ್ಗವಾಗಿ ಸಿಕ್ಕುತ್ತದೆ. ಅದು ಕೊಳೆಯುವುದಿಲ್ಲವೆಂಬುದೇ ಅದರ ಗುಣವೂ ಹೌದು, ದೋಷವೂ ಹೌದು. ಹೊಲದಲ್ಲಿ ಮರೆತುಬಿಟ್ಟ ತುಂಡುಗಳು ನೇಗಿಲಿಗೂ ದನದ ಕಾಲಿಗೂ ಸುತ್ತಿಕೊಳ್ಳುತ್ತವೆ. ಸಣ್ಣ ನೈಲಾನ್ ಎಳೆಗೆ ಸಿಕ್ಕಿಬಿದ್ದ ಕೇರೆಹಾವು ಬಿಡಿಸಿಕೊಳ್ಳಲಾರದೆ ಸಾಯುವುದು. ಇಲಿಯನ್ನು ತಿನ್ನುವ ಹಾವನ್ನು ಕಳೆದುಕೊಂಡು ಮೊಲವನ್ನು ತಡೆದರೆ ರೈತನಿಗೆ ಲಾಭವೇನು? ಅಲ್ಲದೆ ಬಿಸಿಲಿಗೆ ಅದೂ ಕ್ರಮೇಣ ಪೆಡಸಾಗುತ್ತದೆ.

ಹುರಿಯನ್ನು ಎರಡೆಳೆಯಾಗಿ ಮಾಡಬೇಕು. ಎಳೆಗಳನ್ನು ಬಲಕ್ಕೆ ನೂತಿದ್ದರೆ ಅವೆರಡನ್ನು ಕೂಡಿಸುವಾಗ ಎಡಕ್ಕೆ ಹುರಿಮಾಡಬೇಕು. ಎರಡೂ ಒಂದೇ ಕಡೆಯಾದರೆ ಹುರಿಯು ಸುರುಳಿ ಸುತ್ತುವುದು. ಕೊಳ್ಳುವ ಹುರಿಯಾದರೆ ಒಂದು ಮೊಳವನ್ನು ರಾತ್ರಿ ನೀರಿನಲ್ಲಿಟ್ಟು, ಬೆಳಿಗ್ಗೆ ನಡುವೆ ಗಂಟು ಹಾಕಿ ಜಗ್ಗಿ ನೋಡತಕ್ಕದ್ದು. ಒಳ್ಳೆಯ ಸೆಣಬು ನೆನೆದ ಮೇಲೆ ಬಲಗುಂದುವುದಿಲ್ಲ.

ಇನ್ನು ಕಣ್ಣಿನ ಅಳತೆ. ಒಂದಂಗುಲ ಅಗಲದ ಬಿದಿರಿನ ಪಟ್ಟಿಯ ಮೇಲೆ ಹೆಣೆದರೆ, ಗಂಟಿನಿಂದ ಗಂಟಿಗೆ ಒಂದಂಗುಲವಿರುವ ಕಣ್ಣು ಬರುವುದು. ಇದು ಮರಿಯನ್ನೂ ತಡೆಯುತ್ತದೆ. ಆದರೆ ಶ್ರಮವನ್ನು ಮೊದಲೇ ಎಣಿಸಿಕೊಳ್ಳುವುದು ಜಾಣತನ. ಒಂದು ಗುಂಟೆಯ ಸಸಿಮಡಿಯ ಸುತ್ತಳತೆ 132 ಅಡಿ. ಮೂರಡಿ ಎತ್ತರ, ನೆಲದ ಮೇಲೆ ಹೊರಕ್ಕೆ ಹಾಸಲು ಅರ್ಧ ಅಡಿ, ಒಟ್ಟು 462 ಚದರಡಿ. ಒಂದಂಗುಲದ ಕಣ್ಣಿಗೆ ಚದರಡಿಗೆ 144 ಗಂಟಿನಂತೆ ಸುಮಾರು 66,500 ಗಂಟುಗಳಾಗುತ್ತವೆ! ಕೆಳಗಿನ ಒಂದೂವರೆ ಅಡಿಯನ್ನು ಮಾತ್ರ ಹೀಗೆ ಹೆಣೆದು, ಮೇಲಿನ ಎರಡಡಿಗೆ ಒಂದೂವರೆ ಅಂಗುಲದ ಕಣ್ಣು ಇಟ್ಟರೆ ಗಂಟುಗಳು ಸುಮಾರು 45,400 ಕ್ಕೆ ಇಳಿಯುವುವು. ಅದಕ್ಕಿಂತ ದೊಡ್ಡ ಕಣ್ಣು ಕೂಡದು. ಮೊಲ ತಲೆ ತೂರಿಸಿ ಸಿಕ್ಕಿಕೊಂಡರೆ ಬೇಲಿಯೇ ಉರುಲಾಗುವುದು. ಜೋಡಿಸುವಾಗ ಮೂರು ಸಣ್ಣ ಕಣ್ಣಿಗೆ ಎರಡು ದೊಡ್ಡ ಕಣ್ಣು ಸರಿಹೋಗುತ್ತವೆ. ಚೌಕವಾಗಿ ತೆರೆದ ಬಲೆಯು ಉದ್ದಕ್ಕೆ ಎಳೆದು ಅಳೆದುದಕ್ಕಿಂತ ಕಡಮೆ ಬರುವುದೆಂಬುದನ್ನು ಮರೆಯಬಾರದು. ಎಳೆದ ಹತ್ತು ಅಡಿ ಬಲೆ ಕಟ್ಟಿದಾಗ ಏಳಡಿ ಮಾತ್ರ. ಎತ್ತರಕ್ಕೂ ಇದೇ ಲೆಕ್ಕ.

ಇಷ್ಟು ಶ್ರಮವು ತರಕಾರಿ ಸಸಿಮಡಿ, ಬೀಜದ ಪೈರು, ಎಳೆಯ ಹಣ್ಣಿನ ಗಿಡಗಳಿಗೆ ತಕ್ಕುದು. ಎಕರೆಗಟ್ಟಲೆ ಹುರುಳಿಗೆ ಬಲೆ ಹೆಣೆಯಹೊರಡುವುದು ಅವಿವೇಕ. ಅಲ್ಲಿ ಜಾಲಿ, ಕಾರೆ ಮುಳ್ಳನ್ನು ಬುಡ ಒತ್ತಾಗಿ ಜೋಡಿಸಿದ ಬೇಲಿಯೇ ಸಾಕು.

ಗುಂಟೆಯ ಮಡಿಗೆ ಐದೂವರೆ ಅಡಿಗೊಂದರಂತೆ 24 ಗೂಟಗಳು ಬೇಕು. ಬಲೆಯನ್ನು ಗೂಟಗಳ ಹೊರಬದಿಗೆ ಕಟ್ಟಿ, ಹೊರಕ್ಕೆ ಹಾಸಿದ ಅಂಚಿನ ಮೇಲೆ ಕಲ್ಲು ಇಲ್ಲವೆ ಮಣ್ಣುಹೆಂಟೆ ಹೇರಬೇಕು. ಮೊಲವು ನಾರನ್ನು ಕಡಿಯಬಲ್ಲದು. ಆದುದರಿಂದ ಪ್ರತಿ ಮುಂಜಾನೆ ಸುತ್ತಲೂ ನಡೆದು ಹರಿದ ಕಣ್ಣನ್ನು ಅಂದೇ ಕಟ್ಟಿ, ಜೋತ ಕಡೆಯನ್ನು ಬಿಗಿಮಾಡತಕ್ಕದ್ದು. ಯಾವುದಾದರೂ ಪ್ರಾಣಿ ಸಿಕ್ಕಿದ್ದರೆ ಅದರ ತಲೆಯ ಮೇಲೆ ಬಟ್ಟೆ ಮುಚ್ಚಿ, ಹುರಿಯನ್ನು ಕತ್ತರಿಸಿ ಬಿಡಬೇಕು. ಹುರಿಯ ಬೆಲೆಯನ್ನು ನೋಡಿ ಎಳೆದಾಡಬಾರದು. ಹಾವಾದರೆ ಹತ್ತಿರ ಹೋಗದೆ, ಬಲ್ಲವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಯಿಸಬೇಕು.

ಪೈರು ಬಲಿತ ಮೇಲೆ ಬಲೆಯನ್ನು ಬಿಚ್ಚಿ, ಮಣ್ಣನ್ನು ತೊಳೆದು, ಚೆನ್ನಾಗಿ ಒಣಗಿಸಿ, ಇಲಿಗೆ ಎಟುಕದಂತೆ ಒಲೆಯ ಮೇಲಣ ಅಟ್ಟದ ತೊಲೆಗೆ ತೂಗುಹಾಕತಕ್ಕದ್ದು. ತೇವವಿರುವಾಗಲೇ ಮಡಿಸಿಟ್ಟ ಬಲೆಯು ಮುಂದಿನ ಮುಂಗಾರಿಗೆ ಕೈಯಲ್ಲೇ ಪುಡಿಯಾಗುವುದು.